ಹದಿನೇಳನೇ ತೂಬಿನ ಕಲ್ಲು

ನಮ್ಮಪ್ಪ ತೊಂಬತ್ತಮೂರು ವರ್ಷ ಬದುಕಿದ. ಅದರಲ್ಲಿ ಐದು ವರ್ಷ ಸೈನ್ಯದಲ್ಲಿದ್ದ, ಇಪ್ಪತ್ತೆಂಟು ವರ್ಷ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ, ನಿವೃತ್ತಿಯಾದ ಮೇಲೆ ಇಪ್ಪತ್ತೈದು ವರ್ಷ ಕುರುಗೋಡಿನಲ್ಲಿ ಭತ್ತ ಬೆಳೆದ. ಇಷ್ಟು ಉದ್ದದ ಬದುಕಿನಲ್ಲಿ ಜನಕ್ಕೆ ಬೇಕಾದದ್ದು ಒಂದೇ ಒಂದು ದಿನ. ಆ ದಿನ ಅವನು ಮಾಡಿದ ಎಂದು ಎಲ್ಲರೂ ಹೇಳುವ ಕೆಲಸವನ್ನು ಅವನು ಮಾಡಿರಲಿಲ್ಲ.

ಈ ಮಾತನ್ನು ನಾನು ಆರು ತಿಂಗಳಲ್ಲಿ ಮೂರು ಊರುಗಳಲ್ಲಿ ಮೈಕ್ ಹಿಡಿದು ಹೇಳಿದ್ದೇನೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ನನ್ನ ದನಿ ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನೂ ಎಬ್ಬಿಸುತ್ತಿತ್ತು. ಆದರೂ ಒಬ್ಬರ ಕಿವಿಗೂ ಬೀಳಲಿಲ್ಲ ಎಂದರೆ ತಪ್ಪು ನನ್ನ ಗಂಟಲಿನದಲ್ಲ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಎಂಬತ್ತನೇ ಇಸವಿ. ಅಪ್ಪ ಆಗ ಸಿರುಗುಪ್ಪದಲ್ಲಿದ್ದ, ಕಾಲುವೆಯ ದಂಡೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನನಗೆ ಹದಿನೇಳು ವರ್ಷ. ಆ ಸಲ ಮಳೆ ಕೈಕೊಟ್ಟಿತ್ತು. ಕಾಲುವೆಯ ಕೊನೆಯ ಹಳ್ಳಿಗಳಲ್ಲಿ ಭತ್ತ ಹೊಡೆಗೆ ಬಂದು ನಿಂತಿತ್ತು, ಇನ್ನು ಎರಡು ನೀರು ಸಿಕ್ಕರೆ ತೆನೆ ಹಾಲು ತುಂಬಬೇಕು. ಅದೇ ಹೊತ್ತಿಗೆ, ಆ ಹಳ್ಳಿಗಳಿಗೆ ನೀರು ಬಿಡುವ ಹದಿನೇಳನೇ ತೂಬನ್ನು ಹತ್ತು ದಿನ ಮುಚ್ಚಬೇಕೆಂದು ಮೇಲಿನಿಂದ ಆದೇಶ ಬಂತು. ಅಪ್ಪ ಜೀಪಿನಲ್ಲಿ ಹೋಗಿ, ಗೇಟು ಇಳಿಸಿ, ಬೀಗ ಜಡಿದು, ಕೀಲಿಕೈ ಜೇಬಿಗೆ ಹಾಕಿಕೊಂಡು ಬಂದ. ರೈತರು ಕಾಲು ಹಿಡಿದರು. ‘ಆರ್ಡರ್ ಅದ’ ಎಂದ. ಊಟಕ್ಕೆ ಕೂತಾಗ ಅಮ್ಮ ಕೇಳಿದ್ದಕ್ಕೂ ಅದನ್ನೇ ಹೇಳಿದ.

ತೂಬು ಕಾಯುತ್ತಿದ್ದವನು ಗಾದೆಪ್ಪ. ಇಲಾಖೆಯ ನೌಕರ, ಅದೇ ಕೊನೆಯ ಹಳ್ಳಿಯವನು. ದೀಪಾವಳಿಗೆ ಮುಂಚಿನ ದಿನ ನೀರು ತುಂಬುವ ಹಬ್ಬವಲ್ಲವೇ, ಅವತ್ತು ಸಂಜೆ ಅವನ ಹಳ್ಳಿಯ ಹೆಂಗಸರೆಲ್ಲ ಕೊಡಗಳಿಗೆ ಅರಿಸಿನ ಕುಂಕುಮ ಹಚ್ಚಿಕೊಂಡು ಒಣಗಿದ ಉಪಕಾಲುವೆಯ ಗುಂಟ ನಡೆದು ತೂಬಿನ ಹತ್ತಿರ ಬಂದರು. ಗೇಟಿನ ಆ ಕಡೆ ದೊಡ್ಡ ಕಾಲುವೆ ತುಂಬಿ ಹರಿಯುತ್ತಿತ್ತು, ಈ ಕಡೆ ಬಿರುಕು ಬಿಟ್ಟ ನೆಲ. ಎಲ್ಲರೂ ಕೊಡ ತುಂಬಿಕೊಂಡರು. ಆಗ ಗಾದೆಪ್ಪನ ಹೆಂಡತಿ ವಿರೂಪಮ್ಮ ತಾನು ತುಂಬಿದ ಕೊಡವನ್ನು ಮನೆಗೆ ಒಯ್ಯದೆ ಗೇಟಿನ ಈ ಕಡೆ, ಒಣನೆಲಕ್ಕೆ ಸುರಿದಳು. ಅವಳ ಹಿಂದೆ ಇನ್ನೊಬ್ಬಳು ಸುರಿದಳು. ನಲವತ್ತು ಕೊಡ ನೀರು. ನೆಲ ಅಷ್ಟನ್ನೂ ಹೀರಿ ಸುಮ್ಮನಾಯಿತು. ಯಾರೂ ಗಾದೆಪ್ಪನಿಗೆ ಒಂದು ಮಾತೂ ಆಡಲಿಲ್ಲವಂತೆ. ಅವನು ಗುಡಿಸಲಿಗೆ ಹೋಗಿ ಹಾರೆ ತಂದು ಬೀಗ ಒಡೆದು ಗೇಟು ಎತ್ತಿದ.

ಇಷ್ಟೇ ಆದದ್ದು. ಅಪ್ಪ ಆಗ ಮನೆಯಲ್ಲಿದ್ದ, ಬಚ್ಚಲ ಹಂಡೆ ತೊಳೆಯುವ ಅಮ್ಮನಿಗೆ ಬಾವಿಯಿಂದ ನೀರು ಸೇದಿ ಕೊಡುತ್ತಿದ್ದ.

ಮರುದಿನ ಬೆಳಿಗ್ಗೆ ನರಕ ಚತುರ್ದಶಿ. ಅಪ್ಪ ತಲೆಗೆ ಎಣ್ಣೆ ಒತ್ತಿಸಿಕೊಂಡು ಪಂಚೆ ಮೇಲೆ ಕಟ್ಟಿ ಮಣೆಯ ಮೇಲೆ ಕೂತಿದ್ದ. ಡೊಳ್ಳು ಬಾರಿಸಿಕೊಂಡು ಇನ್ನೂರು ಜನ ಬಂದರು. ಎಣ್ಣೆ ಸುರಿಯುವ ಮೈಗೇ ಹಾರ ಹಾಕಿದರು. ಸಾಹೇಬರೇ ಗುಟ್ಟಾಗಿ ಗಾದೆಪ್ಪನಿಗೆ ಹೇಳಿ ಬೀಗ ಒಡೆಸಿದ್ದಾರೆ ಎಂದು ಹಳ್ಳಿ ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಯುದ್ಧ ಮಾಡಿ ಬಂದ ಕ್ಯಾಪ್ಟನ್ ಇಲ್ಲಿರುವಾಗ ಗೇಟು ಕಾಯುವವನಿಗೆ ಅಷ್ಟು ಧೈರ್ಯ ತಾನಾಗಿ ಎಲ್ಲಿಂದ ಬಂದೀತು? ಅಪ್ಪ ಎದ್ದು ನಿಂತು, “ನಾ ಹೇಳಿಲ್ಲ, ನನಗ ಗೊತ್ತೇ ಇಲ್ಲ” ಎಂದ. ಗುಂಪಿನ ಮುಂದಿದ್ದ ಅಂಜಿನಪ್ಪ ಎಂಬ ತರುಣ ನಕ್ಕ.

“ನೀವು ಹಂಗ ಅನ್ನಲೇಬೇಕಲ್ರಿ ಸಾಹೇಬ್ರ. ಸರಕಾರಿ ನೌಕರಿ ಐತಿ. ನಮಗ ತಿಳೀತೈತಿ ಬಿಡ್ರಿ.”

ಅಪ್ಪ ಇನ್ನೊಂದು ಸಲ ಅಲ್ಲ ಎನ್ನಲು ಬಾಯಿ ತೆರೆದ. ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಆಗ ಅವನ ಮುಖ ಅರಳಿತು. ಬಾಗಿಲಲ್ಲಿ ನಿಂತು ನಾನು ನೋಡಿದೆ. ನಮ್ಮಪ್ಪ ಕೆಟ್ಟವನಲ್ಲ, ಆದರೆ ಆ ಅರ್ಧ ಗಳಿಗೆ ಅವನಿಗೆ ಹಿತವಾಗಿತ್ತು. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅನ್ಯಾಯವಾಗುತ್ತದೆ.

ಎಂಟು ದಿನಕ್ಕೆ ವಿಚಾರಣೆ ಬಂತು. ಕಾಗದದಲ್ಲಿ ಅಪ್ಪ ಇದ್ದದ್ದನ್ನೇ ಬರೆದ: ತನ್ನ ಆದೇಶವಿಲ್ಲದೆ ಗಾದೆಪ್ಪ ಬೀಗ ಒಡೆದಿದ್ದಾನೆ. ಗಾದೆಪ್ಪನ ನೌಕರಿ ಹೋಯಿತು. ಕೊನೆಯ ಹಳ್ಳಿಗಳಲ್ಲಿ ಭತ್ತ ಮನೆ ಸೇರಿತು. ಮಾರ್ಚಿನಲ್ಲಿ ಅಪ್ಪನಿಗೆ ಮೊದಲೇ ಆಗಬೇಕಾಗಿದ್ದ ವರ್ಗಾವಣೆ ಆಗಿ ಬಳ್ಳಾರಿಗೆ ಬಂದೆವು. ಜನ ಅದನ್ನೂ ಶಿಕ್ಷೆ ಎಂದರು. ಬಸ್ ನಿಲ್ದಾಣದವರೆಗೆ ಅಳುತ್ತಾ ಬಂದರು. ಬಾಯಲ್ಲಿ ಹೊಗಳಿಕೆ, ಕಾಗದದಲ್ಲಿ ನೌಕರಿ, ಎರಡೂ ಅಪ್ಪನಿಗೇ ಉಳಿದವು.

ಆಮೇಲೆ ಅವನು ಅದರಿಂದ ಹೊರಬರಲು ನೋಡಿದ್ದು ಒಂದೆರಡು ಸಲ ಅಲ್ಲ. ನಿವೃತ್ತಿಯ ಸಮಾರಂಭದಲ್ಲಿ ಹೇಳಿದ. ‘ಎಷ್ಟು ದೊಡ್ಡ ಗುಣ’ ಎಂದರು. ಮದುವೆ ಮುಂಜಿಗಳಲ್ಲಿ ಯಾರಾದರೂ ತೂಬಿನ ಕತೆ ತೆಗೆದರೆ ಎದ್ದು ಹೋಗುತ್ತಿದ್ದ. ‘ಹೊಗಳಿಕೆ ಸೇರೋದಿಲ್ಲ ನೋಡ್ರಿ’ ಎಂದರು. ಅಲ್ಲ ಎಂದಷ್ಟೂ ಅವನು ದೊಡ್ಡವನಾಗುತ್ತಾ ಹೋದ. ಅರವತ್ತೈದರ ಯುದ್ಧದಲ್ಲಿ ಅವನು ಸೇತುವೆ ಕಟ್ಟುವ ದಳದಲ್ಲಿದ್ದ, ಒಂದು ಗುಂಡೂ ಹಾರಿಸಿರಲಿಲ್ಲ, ಹಾರಿಸಿದೆನೆಂದು ಹೇಳಿಕೊಂಡವನೂ ಅಲ್ಲ. ಕುರುಗೋಡಿನಲ್ಲಿ ಕುಡುಗೋಲು ತಾಗಿ ಮೀನಖಂಡದ ಮೇಲೆ ಆದ ಗಾಯದ ಗುರುತನ್ನು ಜನ ಗುಂಡು ಹೊಕ್ಕದ್ದು ಎಂದರು. ಒಂದು ದಿನ ಕಾಲು ನೀವಿಕೊಳ್ಳುತ್ತಾ ನನಗೆ ಹೇಳಿದ:

“ಸೈನ್ಯದಾಗ ನಾ ಕಲ್ತದ್ದು ಒಂದೇ, ತುಳಸಿ. ಆರ್ಡರ್ ಅಂದ್ರ ಆರ್ಡರ್. ಇವರು ನೋಡಿದ್ರ, ಸೈನ್ಯದಾಗ ಇದ್ದಾಂವ, ಅದಕ್ಕ ಆರ್ಡರ್ ಮುರದಾನ ಅಂತಾರ. ಯಾರಿಗೆ ಹೇಳೂಣು?”

ಕುರುಗೋಡಿನ ಹೊಲ ತೆಗೆದುಕೊಂಡ ಮೊದಲ ವರ್ಷವೇ ಅವನು ಗಾದೆಪ್ಪನನ್ನು ಹುಡುಕಿಕೊಂಡು ಹೋಗಿ ಕರೆತಂದ. ಕಳೆದುಕೊಂಡ ನೌಕರಿಯ ಬದಲು ಕೂಲಿ. ಗಾದೆಪ್ಪ ಬಂದ, ಇಪ್ಪತ್ತೈದು ವರ್ಷ ಇದ್ದ. ಅಪ್ಪ ಇಲಾಖೆಯ ಹಳೆಯ ಲೆವೆಲ್ ಯಂತ್ರ ಇಟ್ಟು ಮಡಿಗಳನ್ನು ಅಳೆದು ಸಮ ಮಾಡಿಸುವಾಗ ಸುತ್ತಿನವರು ನಕ್ಕರು. ನೀರು ಬಿಟ್ಟಾಗ ಅದು ತಟ್ಟೆಯಲ್ಲಿ ಬಡಿಸಿದ ಸಾರಿನಂತೆ ಮೂಲೆಮೂಲೆಗೂ ಒಂದೇ ಮಟ್ಟಕ್ಕೆ ನಿಂತ ಮೇಲೆ, ನಮ್ಮ ಹೊಲಕ್ಕೂ ಬರ್ರಿ ಎಂದರು. ಆದರೆ ನಮ್ಮ ಹೊಲದ ತೂಬನ್ನು ಅಪ್ಪ ಒಮ್ಮೆಯೂ ಮುಟ್ಟಲಿಲ್ಲ. ಗಾದೆಪ್ಪನೇ ಬಂದು ಎತ್ತಬೇಕು. ಅವನಿಗೆ ಜ್ವರ ಬಂದರೆ ಆ ದಿನದ ಪಾಳಿಯ ನೀರು ಹೋದರೂ ಹೋಗಲಿ ಎಂದು ಬದುವಿನ ಮೇಲೆ ಕೂತಿರುತ್ತಿದ್ದ. ಅಮ್ಮ ಇದಕ್ಕೆ ಹುಚ್ಚು ಎಂದು ಹೆಸರಿಟ್ಟಳು. ಹತ್ತು ವರ್ಷದ ಹಿಂದೆ ಗಾದೆಪ್ಪ ತೀರಿಕೊಂಡ. ಆ ನಂತರ ಅಪ್ಪ ಬೇಸಾಯವನ್ನು ಪಕ್ಕದ ಹೊಲದ ಕರಿಬಸವನಿಗೆ ಬಿಟ್ಟ.

ಕೊನೆಯ ಮೂರು ತಿಂಗಳು ಅಪ್ಪ ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದ. ಸಿರುಗುಪ್ಪದ ಕಡೆಯವರು ತೂಬಿನ ಹತ್ತಿರ ಅವನ ಹೆಸರಿನ ಕಲ್ಲು ನಿಲ್ಲಿಸುತ್ತೇವೆಂದು ವರ್ಷಗಳಿಂದ ಕೇಳುತ್ತಿದ್ದರು, ಅವನು ಬಯ್ದು ಕಳಿಸುತ್ತಿದ್ದ. ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದ.

“ನಾ ಸತ್ತ ಮ್ಯಾಲೆ ಕಲ್ಲು ನಿಲ್ಲಸ್ತಾರ. ಆಗ ಬ್ಯಾಡ ಅನ್ನಲಿಕ್ಕೆ ನಾ ಇರೂದಿಲ್ಲ. ಅದರ ಮ್ಯಾಲೆ ಗಾದೆಪ್ಪನ ಹೆಸರು ಇರಬೇಕು. ನನ್ನದು ಬ್ಯಾಡ. ಮಾತು ಕೊಡು.”

“ಆಗಲಿ ಬಿಡಪ್ಪಾ” ಎಂದೆ. ಎಷ್ಟು ಹಗುರಾಗಿ ಅಂದುಬಿಟ್ಟೆ! ಒಂದು ವಾರ ಬಿಟ್ಟು ನಾನೇ ಬಸ್ಸು ಹಿಡಿದು ಹೋಗಿ ವಿರೂಪಮ್ಮನಿಗೂ ಹೇಳಿ ಬಂದೆ, ನಿಮ್ಮವರ ಹೆಸರು ಕಲ್ಲಿನ ಮೇಲೆ ಬರುತ್ತದೆ ಎಂದು. ಎಂಬತ್ತರ ಮುದುಕಿ, ಕಣ್ಣೇನೋ ಚೆನ್ನಾಗಿದೆ, ಅಕ್ಷರ ಮಾತ್ರ ಬಾರದು. “ಸಾಹೇಬ್ರು ಅಂದಾರ?” ಎಂದು ಎರಡು ಸಲ ಕೇಳಿದಳು. ಅಂದಿದ್ದಾರೆ ಎಂದೆ. ಅವಳು ಒಳಗೆ ಹೋಗಿ ಬೆಲ್ಲ ತಂದು ನನ್ನ ಕೈಯಲ್ಲಿಟ್ಟಳು.

ಅಪ್ಪ ಏಪ್ರಿಲಿನಲ್ಲಿ ಹೋದ. ಹದಿಮೂರನೇ ದಿನ ವೈಕುಂಠ ಸಮಾರಾಧನೆ. ನನ್ನ ತಮ್ಮ ವಿಶ್ವಪ್ರಿಯ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಮಾರಂಭಗಳಲ್ಲೇ ಉಸಿರಾಡುವವನು. ಊಟಕ್ಕೆ ಮುಂಚೆ ನುಡಿನಮನ ಎಂದು ಇಟ್ಟುಕೊಂಡ. ಕಂಟೋನ್ಮೆಂಟಿನಿಂದ ಮಾಜಿ ಸೈನಿಕರು ಪದಕ ಧರಿಸಿ ಬಂದಿದ್ದರು. ನಾನು ಎದ್ದು, ತೂಬು ತೆರೆದದ್ದು ನಮ್ಮಪ್ಪನಲ್ಲ, ಗಾದೆಪ್ಪ, ಅಪ್ಪನೇ ಇದನ್ನು ಹೇಳಲು ಹೇಳಿದ್ದಾನೆ ಎಂದೆ. ಆಮೇಲೆ ಒಬ್ಬ ಹಿರಿಯ ಸುಬೇದಾರರು ಎದ್ದು ನಿಂತು ಕಣ್ಣೊರೆಸಿಕೊಂಡು, ನಿಜವಾದ ಅಧಿಕಾರಿ ಗೆಲುವನ್ನು ಯಾವಾಗಲೂ ತನ್ನ ಜವಾನನ ಹೆಸರಿಗೆ ಬರೆಯುತ್ತಾನೆ ಎಂದರು. ಚಪ್ಪಾಳೆಯೋ ಚಪ್ಪಾಳೆ. ಮರುದಿನದ ಪತ್ರಿಕೆಯಲ್ಲಿ ‘ಕೊನೆಯುಸಿರಿನಲ್ಲೂ ವಿನಯ’ ಎಂದು ತಲೆಬರಹ ಬಂತು. ವಿಶ್ವ ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿದ. ನನಗೆ ಮೈ ಉರಿದುಹೋಯಿತು.

ಕುರುಗೋಡಿನಲ್ಲಿ ರೈತರು ಸಂತಾಪ ಸಭೆ ಮಾಡಿದಾಗ ಇನ್ನೂ ಬಿಡಿಸಿ ಹೇಳಿದೆ. ನಲವತ್ತು ಕೊಡದ ವಿಷಯ, ಹಾರೆಯ ವಿಷಯ, ಅಪ್ಪ ಮನೆಯಲ್ಲಿ ನೀರು ಸೇದುತ್ತಿದ್ದ ವಿಷಯ, ಒಂದೂ ಬಿಡಲಿಲ್ಲ. ಅಲ್ಲಿಯೂ ಅದೇ ಆಯಿತು. ಸಭೆ ಮುಗಿದ ಮೇಲೆ ಕರಿಬಸವ ನನ್ನನ್ನು ಪಕ್ಕಕ್ಕೆ ಕರೆದ.

“ಅಕ್ಕಾರ, ನೀವು ಹೇಳೋದು ಖರೇನೇ ಇರಬೌದು. ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಅದನ್ನ ತಗೊಂಡು ನಾವೇನು ಮಾಡೂಣ್ರಿ? ದೊಡ್ಡ ಮನಷ್ಯಾ ಒಬ್ಬ ನಮ್ಮ ಸಲುವಾಗಿ ನಿಂತಿದ್ದ ಅಂತ ಮಕ್ಕಳಿಗೆ ಹೇಳಾಕ ಒಂದು ಬೇಕಲ್ರಿ.”

“ಗಾದೆಪ್ಪ ನಿಂತಿದ್ದ ಅಂತ ಹೇಳ್ರಿ.”

“ಗಾದೆಪ್ಪ ನಮ್ಮಂಥಾವನೇ ಅಲ್ಲೇನ್ರಿ” ಎಂದ ಕರಿಬಸವ. ಅವನು ನನ್ನನ್ನು ನೋಯಿಸಲು ಅಂದದ್ದಲ್ಲ. ನಾನು ಹೋಗಿ ಕಾರು ಹತ್ತಿ ಕೂತೆ.

ಅವತ್ತು ಹಾರ ತಂದ ಗುಂಪಿನ ಮುಂದೆ ನಿಂತು ನಕ್ಕಿದ್ದ ಅಂಜಿನಪ್ಪ ಈಗ ಸಿರುಗುಪ್ಪದ ಕಡೆಯ ನೀರು ಬಳಕೆದಾರರ ಸಂಘದ ಅಧ್ಯಕ್ಷ. ಅವನಿಗೆ ನಾಲ್ಕು ಸಲ ಫೋನು ಮಾಡಿದೆ. ಅಪ್ಪನ ಹೆಸರು ಬೇಡ, ಗಾದೆಪ್ಪನದು ಹಾಕಿಸಿರಿ ಎಂದೆ. ಮೂರು ಸಲ ನಕ್ಕ. ನಾಲ್ಕನೇ ಸಲ, “ಆಗಲಿ ಬಿಡ್ರಿ ಅಕ್ಕಾರ, ನೀವು ಹೇಳಿದ್ದೂ ಸೇರಸ್ತೀವಿ” ಎಂದ. ಸೇರಿಸುತ್ತೇವೆ ಎಂಬ ಮಾತಿಗೆ ನಾನು ಮರುಳಾದೆ.

ಹೋದ ವಾರ ಕಲ್ಲಿನ ಕಾರ್ಯಕ್ರಮ. ಬೆಳಿಗ್ಗೆ ಹತ್ತಕ್ಕೆ ಕಾಲುವೆಯ ದಂಡೆಯಲ್ಲಿ ಶಾಮಿಯಾನ, ಹಿಂದೆ ಗೋಧಿ ಹುಗ್ಗಿಯ ಕಡಾಯಿ. ಮುಂದಿನ ಸಾಲಿನಲ್ಲಿ ವಿರೂಪಮ್ಮ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಬಳ್ಳಾರಿಯಲ್ಲಿ ನರ್ಸಿಂಗ್ ಓದುವ ಮೊಮ್ಮಗಳು ಜ್ಯೋತಿಗೆ ಪರೀಕ್ಷೆ, ಭಾನುವಾರ ಬರುತ್ತಾಳೆ ಎಂದಳು. ವಿಶ್ವ ಪರದೆ ಸರಿಸಿದ. ಕರಿ ಕಲ್ಲು, ಬಂಗಾರದ ಬಣ್ಣದ ಅಕ್ಷರ. ನಾನು ಓದಿದೆ:

‘ವೀರಯೋಧ, ಎಂಜಿನಿಯರ್, ಮಾದರಿ ರೈತ, ಕ್ಯಾಪ್ಟನ್ ಅನಂತಾಚಾರ್ಯರು. ಬರದ ವರ್ಷದಲ್ಲಿ ತಮ್ಮ ನೌಕರಿಯನ್ನೇ ಪಣಕ್ಕಿಟ್ಟು ಈ ತೂಬನ್ನು ತೆರೆಸಿದರು. ಆ ಕೀರ್ತಿಯನ್ನೂ ಕೊನೆಗಾಲದಲ್ಲಿ ತಮ್ಮ ಆಳಿಗೆ ಬಿಟ್ಟುಕೊಡಬಯಸಿದ ದೊಡ್ಡ ಮನಸ್ಸು.’

ನಾನು ಹೇಳಿದ್ದನ್ನು ಸೇರಿಸಿದ್ದರು. ಮೂರು ಊರು ತಿರುಗಿ ನಾನು ಬಿಚ್ಚಲು ಹೋದ ಗಂಟಿಗೆ ಇನ್ನೊಂದು ಸುತ್ತು ನಾನೇ ಹಾಕಿದ್ದೆ.

ಕೈಚೀಲದಲ್ಲಿ ಅಪ್ಪನ ವಿಚಾರಣೆಯ ಕಾಗದದ ಪ್ರತಿ ಇತ್ತು. ಅವನ ಟ್ರಂಕಿನಲ್ಲಿ ಸಿಕ್ಕದ್ದು. ಅದನ್ನು ಬಳಸಬಾರದು ಎಂದುಕೊಂಡಿದ್ದೆ, ಯಾಕೆಂದರೆ ಅದರಲ್ಲಿ ಅಪ್ಪ ಸಣ್ಣವನಾಗುತ್ತಾನೆ. ಆದರೆ ಅವತ್ತು ನನಗೆ ತಾಳ್ಮೆ ಉಳಿದಿರಲಿಲ್ಲ. ಮೈಕ್ ಕಸಿದುಕೊಂಡೆ. ವಿಶ್ವ “ಅಕ್ಕಾ, ಇಲ್ಲಿ ಬ್ಯಾಡ” ಎಂದು ಸೆರಗು ಹಿಡಿದು ಎಳೆದ. ಕೊಡವಿದೆ. ಇಡೀ ಕಾಗದ ಓದಿದೆ. ಇವರ ನೌಕರಿ ಪಣಕ್ಕೇನೂ ಇರಲಿಲ್ಲ, ಹೋದದ್ದು ಗಾದೆಪ್ಪನ ನೌಕರಿ, ಅದನ್ನು ಕಳೆದದ್ದು ನಮ್ಮಪ್ಪನ ಸಹಿ, ನೋಡ್ರಿ ಇಲ್ಲಿ ಎಂದು ಎತ್ತಿ ತೋರಿಸಿದೆ. ಈಗ ಯಾರಾದರೂ ಸಿಟ್ಟಾಗುತ್ತಾರೆ, ನಮ್ಮಪ್ಪನನ್ನು ಬಯ್ಯುತ್ತಾರೆ ಎಂದು ಕಾದೆ. ಅವರು ಬಯ್ದರೆ ಸಾಕಾಗಿತ್ತು ನನಗೆ.

ಅಂಜಿನಪ್ಪ ನಿಧಾನವಾಗಿ ಎದ್ದ. ಎಪ್ಪತ್ತರ ಹತ್ತಿರದ ಮನುಷ್ಯ, ಕಣ್ಣು ತುಂಬಿತ್ತು.

“ಈ ಕಾಗದ ಯಾಕ ಬರದ್ರು ಅಂತ ಇವತ್ತು ತಿಳೀತು. ಅವತ್ತು ಸಾಹೇಬ್ರು ಹಿಂಗ ಬರೀಲಿಲ್ಲಂದ್ರ ಪೊಲೀಸ್ರು ಇಡೀ ಹಳ್ಳೀನ ಎಳಕೊಂಡು ಹೋಗ್ತಿದ್ರು. ಒಬ್ಬನ ಮ್ಯಾಲೆ ಹಾಕಿ ಎಲ್ಲಾರನ್ನೂ ಉಳಿಸ್ಯಾರ. ಆ ನೋವು ನುಂಗಿ ಗಾದೆಪ್ಪನ್ನ ಸಾಯೋತನಕ ಸಾಕ್ಯಾರ. ಇಂಥಾವರು ಇನ್ನು ಹುಟ್ಟಂಗಿಲ್ಲ.”

ಚಪ್ಪಾಳೆ ಶುರುವಾಯಿತು, ನಿಲ್ಲಲಿಲ್ಲ. ನಾನು ಮೈಕ್ ಕೆಳಗಿಟ್ಟೆ. ನಮ್ಮಪ್ಪ ನಲವತ್ತೈದು ವರ್ಷ ಇದರೊಳಗೇ ಇದ್ದ. ನಾನು ಆರು ತಿಂಗಳಲ್ಲಿ ಸುಸ್ತಾಗಿದ್ದೆ.

ಹುಗ್ಗಿ ಬಡಿಸುತ್ತಾರೆ ಎಂದು ಕೂಗಿದರು. ಜನವೆಲ್ಲ ಕಡಾಯಿಯ ಕಡೆ ಹೋದರು, ವಿಶ್ವನೂ ಮುಖ ತಿರುಗಿಸಿಕೊಂಡು ಹೋದ. ಕಲ್ಲಿನ ಹತ್ತಿರ ನಾನೊಬ್ಬಳೇ ಉಳಿದೆ. ವಿರೂಪಮ್ಮ ಕೋಲೂರಿಕೊಂಡು ಬಂದಳು. ಅವಳ ಮುಖ ನೋಡಿದ ಕೂಡಲೇ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು. ಅಷ್ಟು ಸಂತೋಷವಾಗಿದ್ದಳು.

“ಅಮ್ಮಾರ, ನೀವು ಮಾತಾಡಿದ್ದು ಭಾಳ ಚಂದ ಇತ್ರಿ. ನಮ್ಮವರ ಹೆಸರು ಎಷ್ಟ್ ಸಲ ಅಂದ್ರಿ! ಎಲ್ಲಾರೂ ಅವರಿಗೇ ಚಪ್ಪಾಳಿ ಹೊಡದ್ರಲ್ರಿ?”

ನಾನು ಕಾಗದವನ್ನು ಮಡಿಸಿ ಕೈಚೀಲದೊಳಗೆ ಇಟ್ಟೆ.

“ಕಲ್ಲಿನ ಮ್ಯಾಲೂ ಐತಲ್ರಿ?”

ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ಮೂರು ಊರಿನ ಸಾವಿರ ಜನದ ಮುಂದೆ ಎದೆಯುಬ್ಬಿಸಿ ನಿಜ ಹೇಳಿದವಳಿಗೆ, ಕೇಳಬೇಕಾದ ಒಬ್ಬಳ ಮುಂದೆ ನಾಲಿಗೆ ಏಳಲಿಲ್ಲ. ಅವಳು ಹೊಸ ಸೀರೆ ಉಟ್ಟು ಬಂದಿದ್ದಳು. ಇವತ್ತೊಂದು ದಿನ ಇರಲಿ, ಕಲ್ಲನ್ನು ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ.

“ಅದ, ವಿರೂಪಮ್ಮ” ಎಂದೆ.

“ಎಲ್ಲಿ ಐತ್ರಿ? ನನ್ನ ಬಳ್ಳು ಹಿಡಿದು ಅದರ ಮ್ಯಾಲೆ ಇಡ್ರಿ. ಐತವಾರ ಜ್ಯೋತಿ ಬರ್ತಾಳ. ಇಲ್ಲೇ ನೋಡವ್ವ ನಿಮ್ಮ ತಾತನ ಹೆಸರು ಅಂತ ನಾನೇ ಆಕಿಗೆ ತೋರಸ್ತೀನಿ.”

ಅವಳು ಬಲಗೈಯ ತೋರುಬೆರಳನ್ನು ನನ್ನ ಕಡೆ ಚಾಚಿ ಕಾದಳು. ನಾನು ಆ ಬೆರಳು ಹಿಡಿದು, ಬಂಗಾರದ ಬಣ್ಣದ ದೊಡ್ಡ ಅಕ್ಷರಗಳ ಮೇಲೆ, ನಮ್ಮಪ್ಪನ ಹೆಸರಿನ ಮೇಲೆ ಇಟ್ಟೆ. ಅವಳು ತಲೆ ಬಗ್ಗಿಸಿ, ಮರೆಯಬಾರದೆಂದು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಎರಡು ಸಲ ಸವರಿಕೊಂಡಳು.